ಯಾರಪ್ಪನ ಅಪ್ಪಣೆ?

ನಮ್ಮ ಕಡೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಬಾಯಿಗೆ ಮೊದಲು ಬರುವ ಇಂಗ್ಲಿಷ್ ವಾಕ್ಯ ಯಾವುದು? ‘ಐ ಆ್ಯಮ್ ಹಂಗ್ರಿ’ ಅಲ್ಲ. ‘ವಾಟ್ ಈಸ್ ದಿಸ್’ ಕೂಡ ಅಲ್ಲ. ‘ಮೇ ಐ ಕಮ್ ಇನ್ ಸರ್?’ ಎಬಿಸಿಡಿ ಪೂರಾ ಬರುವ ಮೊದಲೇ ಬಾಗಿಲ ಹೊರಗೆ ನಿಂತು, ಕೈ ಮುಂದೆ ಚಾಚಿ, ಈ ಒಂದು ವಾಕ್ಯ ಒದರಲು ನಾವು ಕಲಿತೆವು. ಅದರೊಳಗಿನ ‘ಮೇ’ ಅಂದರೆ ಏನು ಅಂತ ಯಾರೂ ಹೇಳಲಿಲ್ಲ. ಮೇ ತಿಂಗಳು ಇರಬೇಕು ಅಂತ ನಾವು ತಿಳಿದಿದ್ದೆವು.

ನಮ್ಮ ಹಿರಿಯರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಈ ವಾಕ್ಯ ಮಾತ್ರ ನಮಗಿಂತ ಚಲೋ ಬರುತ್ತಿತ್ತು. ವಾಡೆಯ ಅಂಗಳದ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ‘ಎಪ್ಪಾ, ಬರಲ್ರೀ?’ ಅಂತ ಕೂಗಿ ನಿಲ್ಲುತ್ತಿದ್ದರು. ಒಳಗಿಂದ ದನಿ ಬರುವ ತನಕ ಬಿಸಿಲಲ್ಲೇ ನಿಲ್ಲಬೇಕು. ಶಾಲೆಯ ಬಾಗಿಲು ಬೇರೆ, ವಾಡೆಯ ಬಾಗಿಲು ಬೇರೆ ಅಂತ ನಂಬಿ ನಮ್ಮನ್ನು ಶಾಲೆಗೆ ಹಾಕಿದರು. ನಾವು ಅಲ್ಲಿಯೂ ಮೊದಲು ಕಲಿತದ್ದು ಬಾಗಿಲಲ್ಲಿ ನಿಲ್ಲುವುದನ್ನೇ.

ನಾವು ಕೃಷ್ಣೆಯ ದಂಡೆಯ ಸತ್ತಿಯವರು. ಅಥಣಿ ತಾಲೂಕು. 1956ರ ತನಕ ಮುಂಬಯಿ ಸರಕಾರದ ಕೈಯಲ್ಲಿದ್ದ ನೆಲ. ಹಿಂಗಾಗಿ ನಮ್ಮ ನಾಲಗೆಯ ಮೇಲೆ ಮೂರು ಕಾಲದ ಸರಕಾರಗಳು ಕುಂತಾವ. ಬಾದಶಾಹಿ ಕಾಲದ ಹುಕುಂ, ಪರವಾನಗಿ, ಮಂಜೂರು. ಬ್ರಿಟಿಷರ ಪರ್ಮಿಷನ್, ಸ್ಯಾಂಕ್ಷನ್, ಗ್ರಾಂಟ್, ಲೈಸೆನ್ಸ್. ಈಗ ಬೆಂಗಳೂರಿನಿಂದ ಬರುವ ಅನುಮತಿ, ಅನುಮೋದನೆ, ಪ್ರಾಧಿಕಾರ. ಸರಕಾರ ಬದಲಾದಾಗೆಲ್ಲ ಮಾತು ಬದಲಾಗಿದೆ. ಮಾತು ಬದಲಾದಾಗೆಲ್ಲ ಅರ್ಥವೂ ಬದಲಾಗಿದೆ. ಆದರೆ ನಮ್ಮ ಕೇರಿಯಲ್ಲಿ ಇವೆಲ್ಲವೂ ಒಂದೇ ಚೀಲಕ್ಕೆ ಬಿದ್ದಿವೆ. ಆ ಚೀಲದ ಹೆಸರು ಅಪ್ಪಣೆ. ಈ ಚೀಲ ಬಿಚ್ಚದೆ ನಮಗೆ ಗತಿಯಿಲ್ಲ ಅಂತ ಹೇಳುವುದಕ್ಕೇ ಈ ಲೇಖನ.

ಮೊದಲು ನಮ್ಮ ಮನೆಯ ಕತೆ ಕೇಳಿ.

ನಮ್ಮ ಮುತ್ಯಾಗ ಸರಕಾರ ಎರಡು ಎಕರೆ ಜಮೀನು ಕೊಟ್ಟಿತ್ತು. ಕೇರಿಯಲ್ಲಿ ಅದಕ್ಕೆ ‘ಗ್ರಾಂಟಿನ ಹೊಲ’ ಅಂತಲೇ ಹೆಸರು. 1984ರಲ್ಲಿ ಮಗಳ ಮದುವೆಯ ಸಾಲಕ್ಕೆ ಆ ಹೊಲ ದೊಡ್ಡವರೊಬ್ಬರ ಹೆಸರಿಗೆ ಹೋಯಿತು. ಮುತ್ಯಾ ತನ್ನ ಹೊಲದಲ್ಲೇ ಕೂಲಿ ಮಾಡಿದ. ಕರ್ನಾಟಕದಲ್ಲಿ 1978ರ ಒಂದು ಕಾಯ್ದೆ ಇದೆ, ಜನ ಅದನ್ನು ಪಿಟಿಸಿಎಲ್ ಅಂತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಸರಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಶೂನ್ಯ. 1979ರ ಜನವರಿ 1ರಿಂದ ಅದು ಜಾರಿ. ಜಮೀನು ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಆ ಕೋರ್ಟೂ ಕಾಯ್ದೆ ಸರಿಯಿದೆ ಅಂದಿತು. ಅದೇ ವರ್ಷ ಮುತ್ಯಾ ಹೆಬ್ಬೆಟ್ಟು ಒತ್ತಿದ. ಇಂಥ ಕಾಯ್ದೆ ಒಂದು ಐತಿ ಅಂತ ಕೇರಿಗೆ ಗೊತ್ತಾದದ್ದು ಮೂವತ್ತು ವರ್ಷದ ಮೇಲೆ.

2019ರಲ್ಲಿ ವಿಚಾರಣೆ. ನಾವು ಆಗ ಬಿ.ಎ. ಓದುತ್ತಿದ್ದೆವು, ಮುತ್ಯಾನ ಕೈಹಿಡಿದು ಕರಕೊಂಡು ಹೋಗಿದ್ದೆವು. ಮೇಜಿನ ಆಚೆಯಿಂದ ಪ್ರಶ್ನೆ ಬಂತು: ‘ಮಾರುವಾಗ ಪರ್ಮಿಷನ್ ತಗೊಂಡಿದ್ದೇನು?’

ಮುತ್ಯಾ ಕೈಮುಗಿದ. ‘ಹೌದ್ರಿ ಸಾಹೇಬ್ರ, ತಗೊಂಡಿದ್ನಿರಿ. ಗೌಡ್ರ ಅಪ್ಪಣಿ ಇಲ್ಲದ ನಮ್ಮಂಥವರು ಏನ್ ಮಾಡೂದೈತ್ರಿ?’

ಬರೆದುಕೊಳ್ಳುವವನು ಅರ್ಧ ವಾಕ್ಯ ಮಾತ್ರ ಬರೆದುಕೊಂಡ: ಅನುಮತಿ ಪಡೆದಿರುತ್ತೇನೆ.

ಕಾಯ್ದೆ ಕೇಳಿದ್ದು ಸರಕಾರದ ಅನುಮತಿ. ಮುತ್ಯಾ ಹೇಳಿದ್ದು ಗೌಡರ ಅಪ್ಪಣೆ. ಅವನು ‘ಇಲ್ಲ’ ಅಂದಿದ್ದರೆ ಹೊಲ ಬರುವ ದಾರಿ ತೆರೆಯುತ್ತಿತ್ತು. ಒಂದು ‘ಹೌದು’ ಅದನ್ನು ಮುಚ್ಚಿತು. ನಾವು ಎದ್ದು ‘ಸರ್, ಇವರು ಹೇಳಿದ್ದು ಬೇರೆ’ ಅಂದೆವು. ‘ನಿನಗ ಮಾತಾಡಾಕ ಯಾರು ಪರ್ಮಿಷನ್ ಕೊಟ್ರು?’ ಅನ್ನುವ ಉತ್ತರ ಬಂತು.

ಸರಕಾರದಿಂದ ಅಂಥ ಅನುಮತಿ ಯಾವತ್ತೂ ಆಗಿರಲಿಲ್ಲ ಅಂತ ದಾಖಲೆ ತೆಗೆಸಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಮಾತು ಎದ್ದು ನಿಂತಿತು: ತಡವಾಗಿ ಬಂದಿದ್ದೀರಿ. ಇಂಥ ಅರ್ಜಿಗಳನ್ನು ಸಮಂಜಸವಾದ ಕಾಲದೊಳಗೆ ಹಾಕಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಕಾಯ್ದೆಯಲ್ಲಿ ಕಾಲಮಿತಿ ಬರೆದಿರಲಿಲ್ಲ. ಆದರೂ ನಮ್ಮ ಅರ್ಜಿ ಬಿತ್ತು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆಯಿತು. ನಾವು ಮತ್ತೆ ಅರ್ಜಿ ಹಾಕಿದ್ದೇವೆ. ಮುತ್ಯಾ ಈಗ ಇಲ್ಲ.

ಮುತ್ಯಾ ದಡ್ಡನಾಗಿರಲಿಲ್ಲ ಗೆಳೆಯರೇ. ಅವನ ಬದುಕಿನಲ್ಲಿ ಕೇಳಬೇಕಾದವನು ಒಬ್ಬನೇ ಇದ್ದ, ಗೌಡ. ಸರಕಾರವೂ ಗೌಡನೂ ಬೇರೆ ಬೇರೆ ಅಂತ ಅವನಿಗೆ ಯಾರು ತೋರಿಸಿದ್ದರು? ತಪ್ಪು ಅವನದಲ್ಲ. ಪರ್ಮಿಷನ್ ಅನ್ನುವ ಮಾತನ್ನು ಹಂಗೇ ಅವನ ಮುಂದೆ ಎಸೆದು, ಅವನ ಬಾಯಿಂದಲೇ ಅವನ ಹೊಲ ಕಸಿದ ವ್ಯವಸ್ಥೆಯದು.

ಈಗ ಚೀಲ ಬಿಚ್ಚೋಣ. ಪ್ರತಿ ಮಾತಿಗೂ ಮೂರು ಪ್ರಶ್ನೆ ಕೇಳಬೇಕು. ಕೇಳಬೇಕಾದವರು ಯಾರು? ಕೊಡುವವರು ಯಾರು? ಕೊಟ್ಟದ್ದನ್ನು ತಿರುಗಿ ಕಸಿಯಬಹುದೋ ಇಲ್ಲವೋ?

ಪರ್ಮಿಷನ್ ಅಂದರೆ ಬೇರಿನಲ್ಲಿ ‘ಹಾದು ಹೋಗಲು ಬಿಡುವುದು’. ಬಾಗಿಲು ಅವರದು, ನಾವು ಹಾಯುವವರು. ಅವರು ಮುಚ್ಚಿದರೆ ಮುಗಿಯಿತು. ಗ್ರಾಂಟ್ ಅಂದರೆ ಕೊಟ್ಟದ್ದು. ಕೊಟ್ಟವನ ಷರತ್ತು ಅದರ ಬೆನ್ನಿಗೇ ಇರುತ್ತದೆ. ನಮ್ಮ ಕಡೆಯ ‘ಮಂಜೂರು’ ಅನ್ನುವುದು ಅರಬ್ಬಿ ಮಾತು. ನಜರ್ ಅನ್ನುವ ಬೇರಿನಿಂದ ಬಂದದ್ದು. ಮಂಜೂರು ಅಂದರೆ ಸಾಹೇಬನ ನೋಟ ಬಿದ್ದದ್ದು. ನೋಟ ಬೀಳದ ಅರ್ಜಿ ಕಪಾಟಿನಲ್ಲಿ ಗೆದ್ದಲು ತಿನ್ನುತ್ತದೆ. ಯಾರ ನೆರಳು ಬಿದ್ದರೂ ಮೈಲಿಗೆ ಅನ್ನುತ್ತಿದ್ದರೋ ಅವರು ಇವತ್ತು ಒಂದು ನೋಟಕ್ಕಾಗಿ ವರಾಂಡದಲ್ಲಿ ಕುಂತಿದ್ದಾರೆ.

ಸ್ಯಾಂಕ್ಷನ್ ಎರಡು ನಾಲಗೆಯ ಮಾತು. ‘ಸ್ಕಾಲರ್‌ಶಿಪ್ ಸ್ಯಾಂಕ್ಷನ್ ಆತು’ ಅಂದರೆ ಖುಷಿ. ಒಂದು ದೇಶದ ಮೇಲೆ ಸ್ಯಾಂಕ್ಷನ್ ಹಾಕಿದರು ಅಂದರೆ ಅದು ದಂಡನೆ, ಬಹಿಷ್ಕಾರ. ಒಂದೇ ಮಾತಿಗೆ ಎರಡು ಎದುರುಬದುರು ಅರ್ಥ ಹೆಂಗೆ ಬಂದವು? ಲ್ಯಾಟಿನ್ನಿನಲ್ಲಿ ಅದರ ಬೇರು ‘ಪವಿತ್ರ ಮಾಡುವುದು’. ನಮ್ಮ ಮಾತಲ್ಲಿ ಹೇಳಬೇಕೆಂದರೆ ಮಡಿ. ಮಡಿ ಮಾಡಿದ ಮಾತಿಗೆ ಒಪ್ಪಿದವನಿಗೆ ಪ್ರಸಾದ, ಮೀರಿದವನಿಗೆ ಬಡಿಗೆ. ಇದನ್ನು ತಿಳಿಯಲು ನಮಗೆ ಲ್ಯಾಟಿನ್ ಬೇಕಿರಲಿಲ್ಲ. ಊರೊಳಗೆ ಒಂದೇ ಬಾಯಿ ಕಾಳು ಕೊಡುತ್ತಿತ್ತು, ಅದೇ ಬಾಯಿ ‘ಇವರಿಗೆ ಅಂಗಡಿ ಸಾಮಾನು ಕೊಡಬ್ಯಾಡ್ರಿ’ ಅಂತ ಡಂಗುರ ಸಾರುತ್ತಿತ್ತು.

ಲೈಸೆನ್ಸ್ ಅನ್ನುವ ಮಾತಿನ ಮುಂದೆ ಸ್ವಲ್ಪ ನಿಲ್ಲಬೇಕು. ಹಳ್ಳಿ ಮಾಸ್ತರರು, ಸಂಘಟನೆಯ ಹುಡುಗರು ಇದನ್ನು ಕಿವಿಗೊಟ್ಟು ಕೇಳಬೇಕು.

ಎಷ್ಟೋ ಊರಲ್ಲಿ ನಮ್ಮ ಸುಡಗಾಡಿಗೆ ಹೋಗುವ ದಾರಿ ಯಾರದೋ ಹೊಲದೊಳಗೆ ಹಾದು ಹೋಗುತ್ತದೆ. ಹೆಣ ಎತ್ತುವ ಮೊದಲು ಒಬ್ಬ ಹಿರಿಯ ಹೊಲದ ಧಣಿಯ ಹತ್ತಿರ ಓಡುತ್ತಾನೆ. ‘ಧಣ್ಯಾರ, ಹೆಣ ಒಯ್ಯಬೇಕ್ರಿ.’ ಧಣಿ ತಂಬಾಕು ತಿಕ್ಕುತ್ತ ‘ಒಯ್ರಿ’ ಅಂತಾನೆ. ನಲವತ್ತು ವರ್ಷ ಹೀಗೇ ನಡೆಯುತ್ತದೆ. ಒಂದು ದಿನ ಧಣಿಯ ಮಗ ಅಲ್ಲಿ ಕಬ್ಬು ಹಚ್ಚಿ ತಂತಿಬೇಲಿ ಹಾಕುತ್ತಾನೆ. ನಾವು ಕೋರ್ಟಿಗೆ ಹೋಗಿ ‘ನಲವತ್ತು ವರ್ಷದಿಂದ ಹೋಗ್ತೀವಿ’ ಅಂತೇವೆ. ಆಗ 1882ರ ಈಸ್‌ಮೆಂಟ್ಸ್ ಕಾಯ್ದೆ ತೆಗೆದು ಓದುತ್ತಾರೆ. ಬೇರೆಯವರ ಹೊಲದಲ್ಲಿ ಇಪ್ಪತ್ತು ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಶಾಂತಿಯಿಂದ, ಹಕ್ಕಿನಂತೆ ಓಡಾಡಿದರೆ ಆ ದಾರಿ ನಮ್ಮ ಹಕ್ಕಾಗುತ್ತದೆ. ಆದರೆ ಅಪ್ಪಣೆ ಕೇಳಿ ಓಡಾಡಿದರೆ ಅದು ಬರೀ ಲೈಸೆನ್ಸ್. ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ, ಸಾಮಾನ್ಯವಾಗಿ ಕೊಟ್ಟವನು ಯಾವಾಗ ಬೇಕಾದರೂ ಹಿಂದಕ್ಕೆ ತಗೋಬಹುದು.

ತಿಳಿಯಿತೇ ಗೆಳೆಯರೇ? ಕೇಳಿದವನಿಗೆ ದಾರಿ ಇಲ್ಲ, ಕೇಳದೆ ನಡೆದವನಿಗೆ ದಾರಿ ಇದೆ. ಇದನ್ನು ಬಂಡಾಯದವರು ಬರೆದದ್ದಲ್ಲ, ಇಂಗ್ಲಿಷರು ಆಸ್ತಿಯಿದ್ದವರಿಗಾಗಿ ಬರೆದ ಕಾಯ್ದೆ. ‘ಹಿರಿಯರು ಕೇಳಿ ಮಾಡೂದು ಮರ್ಯಾದಿ’ ಅಂತ ನಮಗೆ ಕಲಿಸಿದರಲ್ಲ, ಆ ಮರ್ಯಾದೆಯೇ ನಮ್ಮ ಹೆಣದ ದಾರಿ ಮುಚ್ಚಿತು.

ಹಾಗಾದರೆ ಹಕ್ಕು ಅಂತ ಬರೆದದ್ದೆಲ್ಲ ಹಕ್ಕೇ? ಅಲ್ಲಿಯೂ ಮೋಸ ಇದೆ. ಹಕ್ಕು ಕೂಡ ಅರಬ್ಬಿಯಿಂದ ಬಂದ ಮಾತು. ಮೂಲದಲ್ಲಿ ಸತ್ಯ ಅಂತ ಅದರ ಅರ್ಥ. ಮಹಾರರಲ್ಲಿ ಒಂದು ಹಳೆಯ ಕತೆಯಿದೆ. ಬೀದರಿನ ಬಾದಶಹ ನಮ್ಮ ಹಿರಿಯನೊಬ್ಬನ ನಿಷ್ಠೆಗೆ ಮೆಚ್ಚಿ ಐವತ್ತೆರಡು ಹಕ್ಕು ಬರೆದುಕೊಟ್ಟ ಅಂತ. ಏನು ಆ ಹಕ್ಕುಗಳು? ಸತ್ತ ದನದ ಚರ್ಮ ತಗೊಳ್ಳುವ ಹಕ್ಕು, ಮನೆಮನೆ ತಿರುಗಿ ಭಾಕ್ರಿ ಬೇಡುವ ಹಕ್ಕು, ಇಂಥವು. ಇದನ್ನು ಅಜ್ಜಂದಿರು ಎದೆಯುಬ್ಬಿಸಿ ಹೇಳುತ್ತಿದ್ದರು. ಸತ್ಯ ಅನ್ನುವ ಮಾತನ್ನು ತಂಗಳ ಮೇಲೆ ಬರೆದುಕೊಟ್ಟರು. ಇದನ್ನೇ ವತನ ಅಂದರು. ತುಂಡು ಜಮೀನು, ಒಂದಿಷ್ಟು ಆಯ, ಅದಕ್ಕೆ ಬದಲು ಇಡೀ ಮನೆತನ ಹಗಲು ರಾತ್ರಿ ಊರಿನ, ಸರಕಾರದ ಚಾಕರಿ ಮಾಡಬೇಕು. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಕೌನ್ಸಿಲ್ಲಿನಲ್ಲಿ ಈ ವತನದ ಮೇಲೆ ಮಸೂದೆ ತಂದರು. ಇದು ಹಕ್ಕಲ್ಲ, ಕೊರಳಿನ ಹಗ್ಗ ಅಂತ ಅವರಿಗೆ ಗೊತ್ತಿತ್ತು. ಆ ಹಗ್ಗದ ಗುರುತು ಇನ್ನೂ ಹೋಗಿಲ್ಲ. ಮುತ್ಯಾನ ಹೊಲದಂಥ ಹೊಲಗಳಿಗೆ ಕಾವಲಿರುವ ಪಿಟಿಸಿಎಲ್ ಕಾಯ್ದೆಯ ವ್ಯಾಖ್ಯೆಯಲ್ಲಿ ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ ಜಮೀನು ‘ಮಂಜೂರಾದ ಜಮೀನು’ ಅನ್ನಿಸಿಕೊಳ್ಳುವುದಿಲ್ಲ.

ಕೊಡುವವನು ಇದ್ದರೆ ಅದು ಹಕ್ಕಲ್ಲ. ಇದನ್ನು ಪುಸ್ತಕದಲ್ಲಿ ಅಲ್ಲ, ನೀರಿನಲ್ಲಿ ಬರೆದು ತೋರಿಸಿದ್ದು ಮಹಾಡ.

1923ರ ಆಗಸ್ಟಿನಲ್ಲಿ ಮುಂಬಯಿ ಕೌನ್ಸಿಲ್ಲಿನಲ್ಲಿ ಎಸ್.ಕೆ. ಬೋಲೆ ಅವರ ಠರಾವು ಪಾಸಾಯಿತು. ಸರಕಾರಿ ದುಡ್ಡಿನ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ನಮ್ಮ ಅಥಣಿಯೂ ಆಗ ಅದೇ ಇಲಾಖೆಯಲ್ಲಿತ್ತು. 1924ರಲ್ಲಿ ಮಹಾಡದ ಮುನಸಿಪಾಲಿಟಿ ಚವದಾರ ಕೆರೆಯನ್ನು ತೆರೆಯುತ್ತೇವೆ ಅಂತ ಠರಾವು ಮಾಡಿತು. ಪರ್ಮಿಷನ್ ಸಿಕ್ಕಿತು. ನೀರು ಸಿಕ್ಕಿತೇ? ಮೂರು ವರ್ಷ ಒಬ್ಬರೂ ಕೈ ಹಾಕಲಾಗಲಿಲ್ಲ. ಕಾಗದ ಕಾಗದವಾಗಿಯೇ ಇತ್ತು, ಕೆರೆ ಕೆರೆಯಾಗಿಯೇ ಇತ್ತು. 1925ರಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಗೂ ಬಂದು ಸಭೆ ನಡೆಸಿದ್ದ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಸಾವಿರಾರು ಜನರ ಜೊತೆ ಹೋಗಿ ಆ ನೀರನ್ನು ಕುಡಿದರು. ಜನರ ಮೇಲೆ ಬಡಿಗೆ ಬಿದ್ದವು. ಕೆರೆಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿದರು. ಆಮೇಲೆ ಏನಾಯಿತು ನೋಡಿ. ಅದೇ ವರ್ಷ ಆಗಸ್ಟಿನಲ್ಲಿ ಅದೇ ಮುನಸಿಪಾಲಿಟಿ ತನ್ನ ಠರಾವನ್ನು ರದ್ದು ಮಾಡಿತು! ಕೊಟ್ಟ ಕೈ ಕಸಿಯಿತು. ಆದರೆ ಕುಡಿದ ನೀರನ್ನು ಹೊಟ್ಟೆಯಿಂದ ಕಸಿಯಲು ಆದೀತೇ? ಡಿಸೆಂಬರ್ 25ರಂದು ಅದೇ ಊರಲ್ಲಿ ಮನುಸ್ಮೃತಿ ಸುಟ್ಟರು. 1937ರಲ್ಲಿ ಮುಂಬಯಿ ಹೈಕೋರ್ಟು ಸವರ್ಣರ ದಾವೆಯನ್ನು ತಳ್ಳಿಹಾಕಿತು.

ಠರಾವು ಹಿಂದಕ್ಕೆ ಹೋಯಿತು, ಮಹಾಡ ಹೋಗಲಿಲ್ಲ. ಪರ್ಮಿಷನ್ನಿಗೂ ಹಕ್ಕಿಗೂ ಇರುವ ಅಂತರ ಇಷ್ಟೇ.

ಈಗ ಸಂವಿಧಾನ ಬಂದಿದೆ, ಇನ್ನೇನು ಅಂತ ಕೇಳುವವರಿದ್ದಾರೆ. ಸಂವಿಧಾನದೊಳಗೂ ಮಾತುಗಳ ಬಣ್ಣ ಗುರುತಿಸಬೇಕು. ಇಂಗ್ಲಿಷ್ ಕಾಯ್ದೆಯಲ್ಲಿ ‘ಶಲ್’ ಅಂತ ಇದ್ದರೆ ಕನ್ನಡದಲ್ಲಿ ‘ತಕ್ಕದ್ದು’. ‘ಮೇ’ ಅಂತ ಇದ್ದರೆ ‘ಬಹುದು’. ತಕ್ಕದ್ದು ಅಂದರೆ ಸರಕಾರ ಮಾಡಲೇಬೇಕು. ಬಹುದು ಅಂದರೆ ಮಾಡಿದರೂ ನಡೆದೀತು, ಬಿಟ್ಟರೂ ನಡೆದೀತು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ಅಲ್ಲಿ ಯಾರೂ ಯಾರನ್ನೂ ಕೇಳಬೇಕಿಲ್ಲ. ಆದರೆ ಮೀಸಲಾತಿಯ 16(4) ಹೇಳುವುದು, ಸರಕಾರ ಮೀಸಲಾತಿ ಮಾಡುವುದಕ್ಕೆ ಅಡ್ಡಿಯಿಲ್ಲ ಅಂತ. ಅದು ನಮಗೆ ಕೊಟ್ಟ ಹಕ್ಕಲ್ಲ, ಸರಕಾರಕ್ಕೆ ಬಿಟ್ಟ ಮಾತು ಅಂತ ಕೋರ್ಟುಗಳು ಓದುತ್ತ ಬಂದಿವೆ. 2020ರ ಫೆಬ್ರುವರಿಯಲ್ಲಿ ಉತ್ತರಾಖಂಡದ ಮೊಕದ್ದಮೆಯಲ್ಲಿ ಬಡ್ತಿಯ ಮೀಸಲಾತಿ ಮೂಲಭೂತ ಹಕ್ಕಲ್ಲ, ಅದನ್ನು ಕೊಡಲೇಬೇಕೆಂದು ಸರಕಾರವನ್ನು ಕಟ್ಟಿಹಾಕಲಾಗದು ಅಂತ ಸುಪ್ರೀಂ ಕೋರ್ಟು ಹೇಳಿತು. ಎಪ್ಪತ್ತು ವರ್ಷ ನಾವು ಹಕ್ಕು ಹಕ್ಕು ಅಂತ ಕೂಗಿದ್ದು ಅವರ ಪುಸ್ತಕದಲ್ಲಿ ‘ಬಹುದು’ ಆಗಿತ್ತು. ನಮ್ಮ ಘೋಷಣೆ ಸುಳ್ಳಲ್ಲ. ಆ ‘ಬಹುದು’ ಅನ್ನುವುದನ್ನು ‘ತಕ್ಕದ್ದು’ ಮಾಡುವ ಕೆಲಸ ಬಾಕಿ ಉಳಿದಿದೆ ಅಂತ ಮಾತ್ರ ಇದರ ಅರ್ಥ.

ಅಂಥ ಕೆಲಸ ಆಗುತ್ತದೆಯೇ? ಆಗುತ್ತದೆ. ಅಪ್ರೂವಲ್ ಅನ್ನುವ ಮಾತಿನ ಕತೆ ನೋಡಿ. 2018ರ ಮಾರ್ಚ್ 20ರಂದು, ಮಹಾಡದ ಅದೇ ತಾರೀಖಿನಂದು, ಸುಪ್ರೀಂ ಕೋರ್ಟಿನ ತೀರ್ಪೊಂದು ಬಂತು. ದೌರ್ಜನ್ಯ ತಡೆ ಕಾಯ್ದೆಯಡಿ ಸರಕಾರಿ ನೌಕರನನ್ನು ಬಂಧಿಸಲು ಅವನನ್ನು ನೇಮಿಸಿದ ಅಧಿಕಾರಿಯ ಒಪ್ಪಿಗೆ ಬೇಕು, ಬೇರೆಯವರನ್ನು ಬಂಧಿಸಲು ಹಿರಿಯ ಪೊಲೀಸ್ ಅಧಿಕಾರಿಯ ಒಪ್ಪಿಗೆ ಬೇಕು. ಹೊಡೆಸಿಕೊಂಡವರು ನಾವು. ಹೊಡೆದವನನ್ನು ಹಿಡಿಯಲು ಅವನ ಸಾಹೇಬನ ಅಪ್ರೂವಲ್! ಏಪ್ರಿಲ್ 2ರಂದು ದೇಶದ ಕೇರಿಗಳು ಬೀದಿಗೆ ಬಂದವು. ಜೀವಗಳು ಹೋದವು. ಆಗಸ್ಟಿನಲ್ಲಿ ಪಾರ್ಲಿಮೆಂಟು 18ಎ ಕಲಮು ಸೇರಿಸಿ ಬಂಧನಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ ಅಂತ ಬರೆಯಬೇಕಾಯಿತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಒಂದು ಮಾತನ್ನು ಕಾಯ್ದೆಯಿಂದ ಕಿತ್ತು ಹಾಕಲು ಪ್ರಾಣ ಕೊಡಬೇಕಾಯಿತು. ಮಾತು ಬರೀ ಮಾತು ಅನ್ನುವವರು ಆ ತಾಯಂದಿರ ಮುಂದೆ ಹೋಗಿ ಹೇಳಲಿ.

‘ಹೊಟ್ಟಿಗಿ ಹಿಟ್ಟಿಲ್ಲ, ಶಬ್ದ ಹಿಡಕೊಂಡು ಜಗಳೇನು?’ ಅಂತ ನಮ್ಮ ಒಳಗಿನವರೇ ಕೆಲವರು ಕೇಳುತ್ತಾರೆ. ಹಿಟ್ಟು ಬೆಳೆಯುವ ಹೊಲವೇ ಒಂದು ಶಬ್ದದಲ್ಲಿ ಹೋಯಿತಲ್ಲ, ಅದಕ್ಕೆ ಏನಂತೀರಿ? ‘ಕನ್ನಡ ಸಾಕು, ಇಂಗ್ಲಿಷ್ ಗುಲಾಮಗಿರಿ’ ಅನ್ನುವ ಪಂಡಿತರಿದ್ದಾರೆ. ಸ್ವಾಮೀ, ಪರ್ಮಿಷನ್ನಿಗೂ ಅನುಮತಿ, ಲೈಸೆನ್ಸಿಗೂ ಅನುಮತಿ, ಅಪ್ರೂವಲ್ಲಿಗೂ ಅನುಮತಿ ಅಂತ ತರ್ಜುಮೆ ಮಾಡಿ ಕೊಟ್ಟವರು ನೀವೇ. ನಿಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಅದರ ಬಣ್ಣ ಕಲಿತರು, ನಮಗೆ ಕನ್ನಡದ ಒಂದೇ ಮಸಿ ಹಚ್ಚಿದಿರಿ. ಇನ್ನು ನಮ್ಮ ಮುಖಂಡರು. ಮಂತ್ರಿಯ ಮನೆಯ ಮುಂದೆ ಕುಂತು ‘ನಮ್ಮ ಭವನ ಸ್ಯಾಂಕ್ಷನ್ ಆತು’ ಅಂತ ಪೇಟಾ ಕಟ್ಟಿಸಿಕೊಂಡು ಬರುವವರು. ಅವರು ನಮ್ಮ ಹಕ್ಕನ್ನು ಕೊಟ್ಟು ಬೇರೆಯವರ ಕೃಪೆಯನ್ನು ಕೊಂಡು ತರುತ್ತಿದ್ದಾರೆ.

ಬರೆಯುವ ನಮಗೂ ಇದು ಅನ್ವಯಿಸುತ್ತದೆ. ಇಂಗ್ಲಿಷಿನಲ್ಲಿ ಅಥಾರಿಟಿ ಅನ್ನುವ ಮಾತೂ ಆಥರ್ ಅನ್ನುವ ಮಾತೂ ಒಂದೇ ತಾಯಿಯ ಮಕ್ಕಳು. ಬರೆದವನೇ ಅಧಿಕಾರಿ. ಅದಕ್ಕೇ ನಮ್ಮನ್ನು ಸಾವಿರಾರು ವರ್ಷ ಬರೆಯಲು ಬಿಡಲಿಲ್ಲ. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿದರು, ಪರಿಷತ್ತು ಕೊಡಲಿಲ್ಲ. ನಮ್ಮ ಹಿರಿಯ ಲೇಖಕರು ಮತ್ತೆ ಅರ್ಜಿ ಹಾಕುತ್ತ ಕೂಡಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನ ಮಾಡಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದರು. ಕೊಟ್ಟಿದ್ದರೆ ಒಂದು ತಾಸಿನ ಗೋಷ್ಠಿ ಆಗುತ್ತಿತ್ತು. ಕೊಡದಿದ್ದುದರಿಂದ ಚಳವಳಿ ಆಯಿತು.

ಆದ್ದರಿಂದ ಇವತ್ತಿನಿಂದಲೇ ಕೆಲವು ಕೆಲಸ.

ಸಂಘಟನೆಯ ಗೆಳೆಯರೇ, ಅರ್ಜಿ ಬರೆಯುವಾಗ ‘ದಯಪಾಲಿಸಬೇಕು’, ‘ಕೃಪೆ ಮಾಡಬೇಕು’, ‘ತಮ್ಮ ವಿಧೇಯ’ ಇವುಗಳನ್ನು ಕಿತ್ತು ಹಾಕಿ. ಕಾಯ್ದೆಯ ಹೆಸರು, ಕಲಮು, ದಿನ ಬರೆಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಅಲ್ಲಿಯೂ ನಾವು ‘ದಯವಿಟ್ಟು’ ಅಂತ ಶುರು ಮಾಡುತ್ತೇವೆ! ವಿದ್ಯಾರ್ಥಿಗಳೇ, ನಿಮ್ಮ ಕೇರಿಯ ಹಿರಿಯರು ಕಚೇರಿಗೆ ಹೋಗುವ ಹಿಂದಿನ ರಾತ್ರಿ ಅವರ ಹತ್ತಿರ ಕೂಡಿರಿ. ಪರ್ಮಿಷನ್ ಅಂದರೆ ಯಾರ ಪರ್ಮಿಷನ್ ಅಂತ ಬಿಡಿಸಿ ಹೇಳಿರಿ. ‘ಯಾರದ್ರಿ ಸಾಹೇಬ್ರ, ಗೌಡ್ರದೋ ಸರಕಾರದ್ದೋ?’ ಅಂತ ತಿರುಗಿ ಕೇಳುವುದನ್ನು ಕಲಿಸಿರಿ. ನಾವು ಆ ಒಂದು ರಾತ್ರಿ ಮುತ್ಯಾನ ಹತ್ತಿರ ಕೂಡಲಿಲ್ಲ. ಪರೀಕ್ಷೆಗೆ ಓದುತ್ತಿದ್ದೆವು.

ಹಳ್ಳಿಯ ಮಾಸ್ತರರೇ, ಅಕ್ಕೋರೇ, ಕೊನೆಗೆ ನಿಮ್ಮ ಬಾಗಿಲಿಗೇ ಬಂದೆವು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗು ಶಾಲೆಯೊಳಗೆ ಬರುವುದು ಯಾರ ಅಪ್ಪಣೆಯಿಂದಲೂ ಅಲ್ಲ. ನಾಳೆ ಒಂದು ಮಗು ಬಾಗಿಲಲ್ಲಿ ನಿಂತು ಕೈಚಾಚಿ ‘ಮೇ ಐ ಕಮ್ ಇನ್ ಸರ್?’ ಅಂದಾಗ ಒಂದು ಸಲ ಪಾಠ ನಿಲ್ಲಿಸಿರಿ. ‘ಮೇ’ ಅಂದರೇನು ಅಂತ ಇಡೀ ವರ್ಗಕ್ಕೆ ಹೇಳಿರಿ. ಆಮೇಲೆ ಆ ಮಗುವಿಗೆ ಹೇಳಿರಿ:

‘ಬಾ. ಸಾಲಿ ನಿಂದು. ಕೇಳಬ್ಯಾಡ.’